ಬೆಲೂನು ಎಷ್ಟು ಭಾರ ಹೊರಬಲ್ಲದು?



ಬಾವಿಯಿಂದ ನೀರು ಸೇದಿದ ಅನುಭವವುಳ್ಳವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಕೊಡವು ನೀರಿನೊಳಗೆ ಮುಳುಗಿರುವವರೆಗೆ ಹಗ್ಗವನ್ನು ಎರಡು ಬೆರಳಿನಿಂದ ಎಳೆಯಬಹುದು. ಕೊಡದ ಕಂಠವು ನೀರನ್ನು ಬಿಟ್ಟು ಮೇಲಕ್ಕೆ ಬಂತೋ ಇಲ್ಲವೋ, ಅಂಗೈ ಉರಿಯುವಷ್ಟು ಭಾರ. ಕೊಡವೂ ಅದೇ, ಅದರೊಳಗಿನ ನೀರೂ ಅದೇ. ಸುತ್ತಲಿನ ನೀರು ಇದುವರೆಗೆ ಹೊರುತ್ತಿದ್ದ ಭಾರವನ್ನು ಈಗ ನಮ್ಮ ತೋಳು ಹೊರಬೇಕಾಯಿತು, ಅಷ್ಟೆ. ಆರ್ಕಿಮಿಡೀಸನು ಇಪ್ಪತ್ತೆರಡು ಶತಮಾನಗಳ ಹಿಂದೆ ಹೇಳಿದ ನಿಯಮವು ಇದೇ: ದ್ರವದಲ್ಲಿ ಮುಳುಗಿದ ವಸ್ತುವನ್ನು, ಅದು ಎಷ್ಟು ದ್ರವವನ್ನು ಪಕ್ಕಕ್ಕೆ ಸರಿಸಿದೆಯೋ ಅಷ್ಟರ ತೂಕವು ಮೇಲಕ್ಕೆ ನೂಕುತ್ತದೆ.

ಈ ಮಾತು ನೀರಿಗೆ ಹೇಗೋ ಗಾಳಿಗೂ ಹಾಗೆಯೆ ಸಲ್ಲುತ್ತದೆ. ನಾವೆಲ್ಲರೂ ಗಾಳಿಯ ಕಡಲಿನ ತಳದಲ್ಲಿ ವಾಸಿಸುವವರು. ಗಾಳಿಗೆ ತೂಕವೇ ಇಲ್ಲವೆಂದು ತೋರುವುದು ಕೇವಲ ಅಭ್ಯಾಸಬಲದಿಂದ. ರಾಮನಗರದಲ್ಲಿ ಮೂರು ಮೀಟರು ಉದ್ದ, ಮೂರು ಮೀಟರು ಅಗಲ, ಮೂರು ಮೀಟರು ಎತ್ತರದ ಒಂದು ಸಣ್ಣ ಕೋಣೆಯನ್ನು ತೆಗೆದುಕೊಂಡರೆ ಅದರೊಳಗಿನ ಗಾಳಿಯ ತೂಕ ಸುಮಾರು 29 ಕಿಲೋಗ್ರಾಮು. ಇಷ್ಟು ತೂಕದ ರಾಗಿಯನ್ನು ಹೊತ್ತು ಅಟ್ಟ ಹತ್ತಬೇಕಾದರೆ ಯಾರಿಗಾದರೂ ಏದುಸಿರು ಬಂದೀತು. ಕೋಣೆಯಷ್ಟು ದೊಡ್ಡದಾದ, ತೂಕವೇ ಇಲ್ಲದ ಒಂದು ಚೀಲವನ್ನು ಗಾಳಿಯಲ್ಲಿ ತೇಲಿಬಿಡಲು ಸಾಧ್ಯವಾಗಿದ್ದರೆ ಅದು 29 ಕಿಲೋಗ್ರಾಮಿನ ಭಾರವನ್ನು ಎತ್ತುತ್ತಿತ್ತು. ತೂಕವಿಲ್ಲದ ಚೀಲವು ಪ್ರಪಂಚದಲ್ಲಿಲ್ಲ. ಬರಿದು ಮಾಡಿದ ಚೀಲವು ಹೊರಗಿನ ಒತ್ತಡಕ್ಕೆ ಕುಸಿದುಹೋಗುತ್ತದೆ. ಆದುದರಿಂದ ಚೀಲದೊಳಗೆ ಏನನ್ನಾದರೂ ತುಂಬಲೇಬೇಕು, ಮತ್ತು ಆ ತುಂಬಿದ ವಸ್ತುವು ಹೊರಗಿನ ಗಾಳಿಗಿಂತ ಹಗುರವಾಗಿರಬೇಕು. ಬೆಲೂನಿನ ಶಾಸ್ತ್ರವೆಲ್ಲವೂ ಈ ಒಂದು ವ್ಯವಕಲನದಲ್ಲಿದೆ. ಹೊರಗಿನ ಗಾಳಿಯ ಒಂದು ಘನಮೀಟರಿನ ತೂಕದಿಂದ ಒಳಗಿನದರ ಒಂದು ಘನಮೀಟರಿನ ತೂಕವನ್ನು ಕಳೆದು, ಬಂದುದನ್ನು ಬೆಲೂನಿನ ಗಾತ್ರದಿಂದ ಗುಣಿಸಿದರೆ ಎತ್ತುವ ಶಕ್ತಿಯು ದೊರೆಯುತ್ತದೆ. ಅದರಿಂದ ಚೀಲ, ಹಗ್ಗ, ಬುಟ್ಟಿಗಳ ತೂಕವನ್ನು ಕಳೆದರೆ ಪ್ರಯಾಣಿಕರಿಗೆ ಉಳಿಯುವುದೆಷ್ಟೆಂಬುದು ತಿಳಿಯುತ್ತದೆ.

ಲೆಕ್ಕವು ಇಷ್ಟು ಸುಲಭವಾಗಿರುವಾಗ ತಪ್ಪಲು ಅವಕಾಶವೆಲ್ಲಿ ಎಂದು ನೀವು ಕೇಳಬಹುದು. ನಾವೂ ಹಾಗೆಯೇ ತಿಳಿದಿದ್ದೆವು. ಆ ತಪ್ಪನ್ನು ಇಂದು ಬಿಚ್ಚಿ ಹೇಳುವುದೇ ಈ ಭಾಷಣದ ಉದ್ದೇಶ. ಏಕೆಂದರೆ ಅದನ್ನು ಮಾಡಿದವರು ನಾವೇ.

ಕೆಲವು ವರ್ಷಗಳ ಹಿಂದೆ ಫೆಬ್ರವರಿ 28ನೆಯ ತಾರೀಕು, ವಿಜ್ಞಾನ ದಿನದಂದು, ನಮ್ಮ ವಿದ್ಯಾರ್ಥಿಗಳು ರಾಮನಗರದ ಒಂದು ಬಯಲಿನಲ್ಲಿ ಬಿಸಿಗಾಳಿಯ ಬೆಲೂನನ್ನು ಹಾರಿಸಿ ತೋರಿಸಬೇಕೆಂದು ಉತ್ಸಾಹಗೊಂಡರು. ಗಾಳಿಪಟದ ಕಾಗದಕ್ಕಿಂತ ಸ್ವಲ್ಪ ದಪ್ಪನೆಯ ಕಾಗದವನ್ನು ಎಲೆಯಾಕಾರದ ಪಟ್ಟಿಗಳಾಗಿ ಕತ್ತರಿಸಿ, ಮೈದಾ ಅಂಟಿನಿಂದ ಜೋಡಿಸಿ, 1.6 ಮೀಟರು ವ್ಯಾಸದ ಗೋಳವನ್ನು ಸಿದ್ಧಪಡಿಸಿದರು. ಕಾಗದದ ತೂಕ 240 ಗ್ರಾಮು. ಅಂಟು ಮತ್ತು ಮಡಿಕೆಗಳಿಗೆ 60 ಗ್ರಾಮು. ಬಾಯಿಗೆ ಕಟ್ಟಿದ ಬಿದಿರಿನ ಬಳೆಗೂ ದಾರಕ್ಕೂ ಸೇರಿ 70 ಗ್ರಾಮು. ಪ್ರಯಾಣಿಕರಿಲ್ಲದೆ ಹಾರಾಟವು ಶೋಭಿಸದೆಂದು ಚನ್ನಪಟ್ಟಣದ ಅರಗು ಬಣ್ಣದ ಒಂದು ಮರದ ಬೊಂಬೆಯನ್ನು ತಂದು ಬಳೆಗೆ ಕಟ್ಟಿದರು. ಅದು 110 ಗ್ರಾಮು. ಎಲ್ಲವೂ ಸೇರಿ 480 ಗ್ರಾಮು. 1783ರ ಸೆಪ್ಟೆಂಬರಿನಲ್ಲಿ ವೆರ್ಸೇಲ್ಸ್ ಅರಮನೆಯ ಮುಂದೆ ಮಾಂಟ್‌ಗಾಲ್ಫಿಯರ್ ಸೋದರರ ಬೆಲೂನಿನಲ್ಲಿ ಒಂದು ಕುರಿ, ಒಂದು ಬಾತು, ಒಂದು ಹುಂಜ ಪ್ರಯಾಣ ಮಾಡಿದ್ದುವಷ್ಟೆ. ನಮ್ಮ ಬೊಂಬೆಯು ಆ ಪರಂಪರೆಗೆ ಸೇರಿದುದು.

ಬೆಂಕಿಯನ್ನು ಬೆಲೂನಿನ ಜೊತೆಯಲ್ಲಿ ಮೇಲಕ್ಕೆ ಕಳುಹಿಸಕೂಡದೆಂದು ನಾವು ಮೊದಲೇ ಕಟ್ಟುಮಾಡಿದ್ದೆವು. ಫೆಬ್ರವರಿಯ ಹೊತ್ತಿಗೆ ನಮ್ಮ ಬೆಟ್ಟಗಳ ಹುಲ್ಲು ಒಣಗಿ ನಿಂತಿರುತ್ತದೆ. ರಾಮದೇವರ ಬೆಟ್ಟವಂತೂ 2012ರಿಂದ ರಣಹದ್ದುಗಳ ಧಾಮ. ಆದುದರಿಂದ ನೆಲದ ಮೇಲೆ ಇದ್ದಲಿನ ಒಲೆ, ಅದರ ಮೇಲೊಂದು ತಗಡಿನ ಕೊಳವೆ, ಕೊಳವೆಯ ಮೇಲೆ ಬೆಲೂನಿನ ಬಾಯಿ, ಕೈಯಲ್ಲಿ ದಾರ. ನಡುವೆ ಇಳಿಬಿಟ್ಟ ಉಷ್ಣಮಾಪಕವು 100 ಡಿಗ್ರಿ ತೋರಿಸಿದೊಡನೆ ಬಿಡುವುದು. ಅದಕ್ಕಿಂತ ಮುಂದೆ ಹೋದರೆ ಕೊಳವೆಯ ಬಳಿ ಕಾಗದವು ಕಂದುವ ಭಯ.

ಲೆಕ್ಕವನ್ನು ನಾವೇ ತಿದ್ದಿಕೊಟ್ಟಿದ್ದೆವು. 1.6 ಮೀಟರು ವ್ಯಾಸದ ಗೋಳದ ಗಾತ್ರ 2.14 ಘನಮೀಟರು. ಪಠ್ಯಪುಸ್ತಕದ ಕೊನೆಯ ಕೋಷ್ಟಕದಲ್ಲಿ ಗಾಳಿಯ ಸಾಂದ್ರತೆ ಘನಮೀಟರಿಗೆ 1.293 ಕಿಲೋಗ್ರಾಮು ಎಂದಿದೆ. ಅದು 100 ಡಿಗ್ರಿಗೆ ಕಾದರೆ ಹಿಗ್ಗಿ 0.946 ಆಗುತ್ತದೆ. ವ್ಯತ್ಯಾಸ ಸುಮಾರು 346 ಗ್ರಾಮು. ಅದನ್ನು 2.14ರಿಂದ ಗುಣಿಸಿದರೆ 740 ಗ್ರಾಮು. ಹೊರಬೇಕಾದುದು 480 ಮಾತ್ರ. ಇನ್ನೂ 260 ಗ್ರಾಮು ಉಳಿತಾಯವಿರುವುದರಿಂದ ಬೆಲೂನು ರಭಸದಿಂದ ಮೇಲೇರಿ ದಾರವನ್ನು ಕಿತ್ತುಕೊಂಡು ಹೋದೀತೆಂದು ಹುಡುಗರು ದಾರವನ್ನು ಎರಡೆಳೆ ಮಾಡಿದರು.

ಮುಖ್ಯ ಅತಿಥಿಗಳು ಹತ್ತು ಗಂಟೆಗೆ ಬರುವರೆಂದಿತ್ತು. ಎರಡು ಗಂಟೆಗೆ ದಯಮಾಡಿಸಿದರು. ಒಲೆ ಹೊತ್ತಿತು. ಬೆಲೂನು ಉಬ್ಬಿ ಗುಂಡಾಗಿ ನೆಟ್ಟಗೆ ನಿಂತಿತು. ಉಷ್ಣಮಾಪಕವು 100 ಮುಟ್ಟಿತು. ಹುಡುಗರು ಕೈಬಿಟ್ಟರು. ಅದು ಇದ್ದಲ್ಲಿಯೇ ಇತ್ತು. ಮತ್ತೆ ಕಾಯಿಸಿದರು, ಮತ್ತೆ ಬಿಟ್ಟರು, ಬೊಂಬೆಯು ಕೊಳವೆಯ ಪಕ್ಕದಲ್ಲಿ ನಗುಮುಖದಿಂದ ಕುಳಿತೇ ಇತ್ತು. ಕೊನೆಗೆ ಬೊಂಬೆಯನ್ನು ಬಿಚ್ಚಿದಾಗ ಬೆಲೂನು ಆಳುದ್ದ ಏರಿ, ಸ್ವಲ್ಪ ಹೊತ್ತು ಯೋಚಿಸುವಂತೆ ತೂಗಾಡಿ, ತಣ್ಣಗಾಗಿ ಇಳಿಯಿತು. ಅತಿಥಿಗಳು ಸಹೃದಯರು, ಪ್ರಯತ್ನವನ್ನು ಶ್ಲಾಘಿಸಿ ಹೊರಟುಹೋದರು. ಹುಡುಗರು ಅಂಟಿನ ಸಂದುಗಳಲ್ಲಿ ತೂತನ್ನು ಹುಡುಕತೊಡಗಿದರು. ತೂತು ಇರಲಿಲ್ಲ.

ಗುಂಪಿನಲ್ಲಿ ನಿಂತು ನೋಡುತ್ತಿದ್ದ ಒಬ್ಬ ವೃದ್ಧರು, ಜೀವಮಾನವನ್ನೆಲ್ಲ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದರಲ್ಲಿ ಕಳೆದವರು, ನಮ್ಮ ಬಳಿಗೆ ಬಂದು ಹೇಳಿದರು: “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಮ್ಮ ಒಲೆಯ ಚಿಮಣಿ ಮಟಮಟ ಮಧ್ಯಾಹ್ನದಲ್ಲಿ ಸರಿಯಾಗಿ ಎಳೆಯೋದಿಲ್ಲ. ಬೆಳಗಿನ ಜಾವ ಭರ್ರಂತ ಎಳೀತದೆ. ನಿಮ್ಮದೂ ಒಂದು ಚಿಮಣಿಯೇ ಅಲ್ವಾ?”

ಅಂದು ರಾತ್ರಿ ನಾವು ಲೆಕ್ಕವನ್ನು ಮತ್ತೆ ತೆರೆದು ಕುಳಿತೆವು. ಆ ಹಿರಿಯರ ಮಾತಿನಲ್ಲಿ ನಮ್ಮ ತಪ್ಪಿನ ಅರ್ಧಭಾಗವು ಇತ್ತು; ಉಳಿದರ್ಧವು ಊರಿನ ಎತ್ತರದಲ್ಲಿತ್ತು. ಪುಸ್ತಕದ 1.293 ಎಂಬುದು ಸುಳ್ಳಲ್ಲ. ಆದರೆ ಅದು ಸಮುದ್ರದ ಮಟ್ಟದಲ್ಲಿ, ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿ ಚಳಿಯಲ್ಲಿ ಇರುವ ಗಾಳಿಯ ತೂಕ. ರಾಮನಗರವು ಸಮುದ್ರಮಟ್ಟದಿಂದ ಸುಮಾರು 750 ಮೀಟರು ಮೇಲಿದೆ. ಇಲ್ಲಿ ವಾಯುವಿನ ಒತ್ತಡ 1013 ಮಿಲಿಬಾರ್ ಅಲ್ಲ, ಸುಮಾರು 927. ಅಂದಿನ ಮಧ್ಯಾಹ್ನದ ಉಷ್ಣತೆ 33 ಡಿಗ್ರಿ. ಒತ್ತಡ ಕಡಿಮೆಯಾದಂತೆ ಗಾಳಿಯು ವಿರಳವಾಗುತ್ತದೆ. ಕಾವು ಹೆಚ್ಚಿದಂತೆಯೂ ವಿರಳವಾಗುತ್ತದೆ. ಡಿಗ್ರಿಗೆ 273 ಕೂಡಿಸಿ ನಿರಪೇಕ್ಷ ಉಷ್ಣತೆಯನ್ನು ಪಡೆದು ತ್ರೈರಾಶಿಕ ಮಾಡಿದರೆ ಸಾಕು: 1.293ನ್ನು 273ರಿಂದ ಗುಣಿಸಿ 306ರಿಂದ ಭಾಗಿಸಬೇಕು. ಅದನ್ನು 927ರಿಂದ ಗುಣಿಸಿ 1013ರಿಂದ ಭಾಗಿಸಬೇಕು. ಬರುವುದು 1.055. ನಮ್ಮ ಮಧ್ಯಾಹ್ನದ ಗಾಳಿಯ ನಿಜವಾದ ತೂಕ ಇದು.

ಬಿಸಿಗಾಳಿಯ ಬೆಲೂನಿಗೆ ಇದರಿಂದ ಎರಡು ಏಟು ಬೀಳುತ್ತವೆ. ಹೊರಗಿನ ಗಾಳಿಯೇ ಹಗುರವಾದುದು ಒಂದು ಏಟು. ಒಳಗಿನ 100 ಡಿಗ್ರಿಗೂ ಹೊರಗಿನ ಉಷ್ಣತೆಗೂ ಇರುವ ಅಂತರವು 100ರಿಂದ 67ಕ್ಕೆ ಇಳಿದುದು ಇನ್ನೊಂದು, ಇದೇ ದೊಡ್ಡದು. ಹೊರಗಿನ ಗಾಳಿಯ ತೂಕವನ್ನು ಈ ಅಂತರದಿಂದ ಗುಣಿಸಿ, ಒಳಗಿನ ನಿರಪೇಕ್ಷ ಉಷ್ಣತೆಯಾದ 373ರಿಂದ ಭಾಗಿಸಿದರೆ ಘನಮೀಟರಿಗೆ ಎಷ್ಟು ಎತ್ತುವುದೆಂಬುದು ಬರುತ್ತದೆ. 1.055ನ್ನು 67ರಿಂದ ಗುಣಿಸಿ 373ರಿಂದ ಭಾಗಿಸಿರಿ: 189 ಗ್ರಾಮು. ನಾವು ಪುಸ್ತಕ ನೋಡಿ ನಂಬಿದ್ದುದು 346. ಹೆಚ್ಚು ಕಡಿಮೆ ಅರ್ಧ! ಬೆಲೂನಿನ ಒಟ್ಟು ಶಕ್ತಿ 740 ಗ್ರಾಮಲ್ಲ, 406. ಬೊಂಬೆಯೊಡನೆ 480 ಗ್ರಾಮನ್ನು ಅದು ಹೊರಲಾರದು. ಬೊಂಬೆಯಿಲ್ಲದೆ 370 ಗ್ರಾಮನ್ನು ಕಷ್ಟಪಟ್ಟು ಹೊರಬಲ್ಲದು. ಕಾಗದದ ಬೆಲೂನು ಪುಸ್ತಕವನ್ನು ಓದಿರಲಿಲ್ಲ. ಅದು ನಡೆದುಕೊಂಡ ರೀತಿಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಬೆಳಗಿನ ಜಾವದ ಲೆಕ್ಕವನ್ನೂ ಮಾಡಿದೆವು. ಆರು ಗಂಟೆಯ ಹೊತ್ತಿಗೆ 18 ಡಿಗ್ರಿ ಇರುತ್ತದೆ. ಗಾಳಿಯ ತೂಕ 1.109. ಒಳಗೂ ಹೊರಗೂ ಅಂತರ 82 ಡಿಗ್ರಿ. ಘನಮೀಟರಿಗೆ 244 ಗ್ರಾಮು, ಒಟ್ಟು 523. ಎಂದರೆ ಬೊಂಬೆಯು ಏರಿ, ಇನ್ನೂ 43 ಗ್ರಾಮು ಮಿಗುತ್ತದೆ. ಮಾರನೆಯ ದಿನ ಸೂರ್ಯನು ಹುಟ್ಟುವ ಮೊದಲೇ ಅದೇ ಬಯಲಿಗೆ ಹೋದೆವು. ಮುಖ್ಯ ಅತಿಥಿಗಳಿರಲಿಲ್ಲ, ಏಳೆಂಟು ಹುಡುಗರು, ಒಬ್ಬ ಹಾಲಿನವನು, ಮತ್ತು ಆ ಹಿರಿಯರು ಇದ್ದರು. ಅದೇ ಕಾಗದ, ಅದೇ ಒಲೆ, ಅದೇ ಬೊಂಬೆ. ಉಷ್ಣಮಾಪಕವು 100 ಮುಟ್ಟಿದಾಗ ಹುಡುಗರು ಕೈಬಿಟ್ಟರು. ಬೊಂಬೆಯು ನಿಧಾನವಾಗಿ ನೆಲವನ್ನು ಬಿಟ್ಟಿತು. ಬೇವಿನ ಮರದ ತುದಿಯವರೆಗೂ ದಾರವು ಬಿಚ್ಚಿತು.

ನಮ್ಮ ಪಾಲಿಗೆ ನಷ್ಟವಾದುದು ಒಂದು ಮಧ್ಯಾಹ್ನದ ಮರ್ಯಾದೆ ಮಾತ್ರ. ಮನುಷ್ಯರನ್ನು ಹೊರುವ ಬೆಲೂನಿನಲ್ಲಿ ಇದೇ ತಪ್ಪಾದರೆ ಏನಾದೀತೆಂಬುದನ್ನು ಯೋಚಿಸಬೇಕು. ಮೂರು ನಾಲ್ಕು ಜನರನ್ನು ಒಯ್ಯುವ ಬೆಲೂನಿನ ಗಾತ್ರ ಸಾಮಾನ್ಯವಾಗಿ 2200 ಘನಮೀಟರಿನ ಸುಮಾರಿನಲ್ಲಿರುತ್ತದೆ. ರಾಮನಗರದ ಬೆಳಗಿನ ಜಾವದಲ್ಲಿ, ಒಳಗೆ 100 ಡಿಗ್ರಿ ಇದ್ದರೆ, ಅದು 536 ಕಿಲೋಗ್ರಾಮು ಎತ್ತುತ್ತದೆ. ಮಧ್ಯಾಹ್ನ ಎರಡಕ್ಕೆ 417. ಬಟ್ಟೆ, ಬುಟ್ಟಿ, ಒಲೆ, ಇಂಧನಗಳಿಗೆ 280 ಕಿಲೋಗ್ರಾಮು ಎಂದಿಟ್ಟುಕೊಂಡರೆ, ಬೆಳಿಗ್ಗೆ ಜನರಿಗಾಗಿ ಉಳಿಯುವುದು 256, ಮಧ್ಯಾಹ್ನ 137. ನಾಲ್ವರು ಹತ್ತಿದ್ದ ಬುಟ್ಟಿಯಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ಕೊರತೆಯನ್ನು ತುಂಬಲು ಒಲೆಯನ್ನು ಇನ್ನಷ್ಟು ಉರಿಸಿದರೆ ಬಟ್ಟೆಯು ತಾಳುವ ಮಿತಿಯನ್ನು ದಾಟುವ ಅಪಾಯ. ಲೋಕದಲ್ಲೆಲ್ಲ ಬಿಸಿಗಾಳಿಯ ಬೆಲೂನುಗಳವರು ಅರುಣೋದಯದಲ್ಲಿ ಏರಲು ಇದೊಂದು ಕಾರಣ. ಆ ಹೊತ್ತಿನಲ್ಲಿ ಗಾಳಿಯು ಶಾಂತವಾಗಿರುವುದು ಮತ್ತೊಂದು. ನಮ್ಮ ರಾಮನಗರದ ಬಂಡೆಗಳು ಹತ್ತು ಗಂಟೆಯ ಮೇಲೆ ಕಾದು, ತಮ್ಮ ಮೇಲಿನ ಗಾಳಿಯನ್ನು ಕಾಯಿಸಿ, ಕಂಬಕಂಬವಾಗಿ ಮೇಲಕ್ಕೆ ಕಳುಹಿಸುತ್ತವೆ. ರಾಮದೇವರ ಬೆಟ್ಟದ ರಣಹದ್ದುಗಳು ರೆಕ್ಕೆ ಬಡಿಯದೆ ಸುತ್ತುಸುತ್ತಾಗಿ ಮೇಲೇರುವುದು ಈ ಕಂಬಗಳ ಮೇಲೆಯೇ. ಚೀಲವಿಲ್ಲದ ಬಿಸಿಗಾಳಿಯ ಬೆಲೂನು ಅದು. ಹದ್ದಿಗೆ ಹಿತವಾದುದು ಬುಟ್ಟಿಯಲ್ಲಿ ನಿಂತ ಮನುಷ್ಯನಿಗೆ ಹಿತವಲ್ಲ.

ಇನ್ನು ಅನಿಲದ ಬೆಲೂನುಗಳ ವಿಚಾರ. 1783ರ ಆಗಸ್ಟ್ 27ರಂದು ಪ್ಯಾರಿಸಿನಲ್ಲಿ ಶಾರ್ಲ್ ಎಂಬ ವಿಜ್ಞಾನಿಯು ಜಲಜನಕವನ್ನು ತುಂಬಿದ ಮೊದಲ ಬೆಲೂನನ್ನು ಹಾರಿಸಿದನು. ಆ ಚೀಲವು ರಬ್ಬರಿನ ಲೇಪ ಕೊಟ್ಟ ರೇಷ್ಮೆಯದು. ಗೂಡಿನ ಮಾರುಕಟ್ಟೆಯಿರುವ ಊರಿನವರಾದ ನಮಗೆ ಇದು ಕೇಳಲು ಹಿತವಾದ ಸಂಗತಿ. ಬೆಲೂನು ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿದಾಗ ಅಲ್ಲಿಯ ರೈತರು ಯಾವುದೋ ಭೂತವೆಂದು ಬೆದರಿ ಅದನ್ನು ತಿವಿದು ಹರಿದುಹಾಕಿದರು. ನಮ್ಮ ಕಡೆಯವರಾಗಿದ್ದರೆ ಮೊದಲು ಒಂದು ತೆಂಗಿನಕಾಯಿ ಒಡೆಯುತ್ತಿದ್ದರೋ ಏನೋ.

ಜಲಜನಕವು ಹೀಲಿಯಮ್ಮಿನ ಅರ್ಧದಷ್ಟು ಮಾತ್ರ ತೂಗುತ್ತದೆ; ಆದುದರಿಂದ ಎರಡರಷ್ಟು ಎತ್ತುತ್ತದೆ ಎಂಬ ಭ್ರಮೆಯು ಓದಿದವರಲ್ಲಿಯೂ ಉಂಟು. ವ್ಯವಕಲನವನ್ನು ಮಾಡಿ ನೋಡಿರಿ. ನಮ್ಮ ಫೆಬ್ರವರಿ ಮಧ್ಯಾಹ್ನದ ಗಾಳಿ ಘನಮೀಟರಿಗೆ 1055 ಗ್ರಾಮು. ಅದೇ ಒತ್ತಡ, ಅದೇ ಕಾವಿನಲ್ಲಿ ಜಲಜನಕ 73 ಗ್ರಾಮು, ಹೀಲಿಯಮ್ 146 ಗ್ರಾಮು. ಜಲಜನಕವು 982 ಗ್ರಾಮು ಎತ್ತಿದರೆ ಹೀಲಿಯಮ್ 909 ಎತ್ತುತ್ತದೆ. ನೂರಕ್ಕೆ ಎಂಟರಷ್ಟು ವ್ಯತ್ಯಾಸ. ಈ ಎಂಟಕ್ಕಾಗಿ, ಮತ್ತು ಬೆಲೆಯ ಅಗ್ಗಕ್ಕಾಗಿ, ಜನರು ಬೆಂಕಿಯೊಡನೆ ಸರಸವಾಡುತ್ತಾರೆ. 1937ರ ಮೇ 6ರಂದು ಹಿಂಡೆನ್‌ಬರ್ಗ್ ಎಂಬ ಜಲಜನಕದ ವಾಯುನೌಕೆಯು ಅಮೆರಿಕದಲ್ಲಿ ಉರಿದುಬಿದ್ದಾಗ 36 ಮಂದಿ ಮಡಿದರು. ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಜಾತ್ರೆಗಳಲ್ಲಿ ಕಬ್ಬಿಣದ ಉರುಳೆಯೊಳಗೆ ಕಾಸ್ಟಿಕ್ ಸೋಡವನ್ನೂ ಅಲ್ಯುಮಿನಿಯಮ್ ಚೂರುಗಳನ್ನೂ ನೀರಿನಲ್ಲಿ ಹಾಕಿ ಬೆಲೂನು ತುಂಬುವವರನ್ನು ಕಂಡಿದ್ದೇವೆ. ಅಲ್ಲಿ ಹುಟ್ಟುವುದು ಜಲಜನಕವೇ. ಉರುಳೆಯ ಒತ್ತಡವನ್ನು ಅಳೆಯುವ ಸಾಧನವಿಲ್ಲ; ಎರಡು ಮಾರು ಆಚೆಗೆ ಬೋಂಡದ ಒಲೆ. ಮಕ್ಕಳ ಕೈಹಿಡಿದು ಜಾತ್ರೆಗೆ ಹೋಗುವ ತಾಯಿತಂದೆಯರು ಆ ಉರುಳೆಯಿಂದ ದೂರದಲ್ಲಿ ನಿಲ್ಲುವುದು ಲೇಸು. ಬೆಲೂನು ಮಗುವನ್ನು ಎತ್ತಿಕೊಂಡು ಹೋದೀತೆಂಬ ಅಜ್ಜಿಯರ ಆತಂಕಕ್ಕೆ ಮಾತ್ರ ಆಧಾರವಿಲ್ಲ. 30 ಸೆಂಟಿಮೀಟರು ವ್ಯಾಸದ ಬೆಲೂನು ತನ್ನ ರಬ್ಬರಿನ ತೂಕ ಕಳೆದು ಹತ್ತು ಗ್ರಾಮಿನಷ್ಟು ಎತ್ತುತ್ತದೆ. 15 ಕಿಲೋಗ್ರಾಮಿನ ಮಗುವಿಗೆ ಅಂಥವು 1500 ಬೇಕು.

ರಬ್ಬರಿನ ಬೆಲೂನಿಗೂ ಕಾಗದದ ಬೆಲೂನಿಗೂ ಒಂದು ದೊಡ್ಡ ಭೇದವುಂಟು. ಕಾಗದದ ಚೀಲದ ಗಾತ್ರವು ಹೆಚ್ಚಲಾರದು. ಮೇಲಕ್ಕೆ ಹೋದಂತೆ ಸುತ್ತಲಿನ ಗಾಳಿಯು ವಿರಳವಾಗಿ ಅದರ ಶಕ್ತಿಯು ಕುಂದುತ್ತದೆ. ರಬ್ಬರಿನದು ಹಾಗಲ್ಲ. ಗಾಳಿಯು ಎಷ್ಟು ವಿರಳವಾಗುವುದೋ ಬೆಲೂನು ಹೆಚ್ಚು ಕಡಿಮೆ ಅಷ್ಟೇ ಹಿಗ್ಗುತ್ತದೆ. ಲಾಭವೂ ನಷ್ಟವೂ ಸರಿದೂಗುತ್ತವೆ. ಒಂದು ಕಿಲೋಗ್ರಾಮು ಜಲಜನಕವು ಕನಕಪುರದಲ್ಲಿರಲಿ, ಮಾಗಡಿಯಲ್ಲಿರಲಿ, ಹತ್ತು ಸಾವಿರ ಮೀಟರಿನ ಮೇಲಿರಲಿ, ಎತ್ತುವುದು ಸುಮಾರು 13.4 ಕಿಲೋಗ್ರಾಮು, ಹೀಲಿಯಮ್ಮಾದರೆ 6.2. ಕೊನೆಗೆ ರಬ್ಬರು ತಾಳಲಾರದೆ ಒಡೆಯುವವರೆಗೂ ಬೆಲೂನು ಏರುತ್ತಲೇ ಇರುತ್ತದೆ. ಹವಾಮಾನ ಇಲಾಖೆಯವರು ಯಂತ್ರಗಳನ್ನು ಕಟ್ಟಿ ಮೇಲಕ್ಕೆ ಬಿಡುವುದು ಇಂಥವನ್ನೇ. 1939–40ರ ಚಳಿಗಾಲದಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ನರು, ನೆಹೆರ್ ಮತ್ತು ಪಿಕರಿಂಗ್ ಎಂಬ ಜೊತೆಗಾರರೊಡನೆ ನಮ್ಮ ದೇಶಕ್ಕೆ ಬಂದು, ವಿಶ್ವಕಿರಣಗಳನ್ನು ಅಳೆಯಲು ಬೆಂಗಳೂರಿನಿಂದ ಬೆಲೂನುಗಳನ್ನು ಹಾರಿಸಿದರು. ಭೂಮಿಯ ಕಾಂತೀಯ ಸಮಭಾಜಕವೃತ್ತಕ್ಕೆ ಹತ್ತಿರವಾದುದೆಂದು ಈ ನಾಡನ್ನು ಆರಿಸಿಕೊಂಡಿದ್ದರು. ಆ ಪಿಕರಿಂಗರೇ ಮುಂದೆ, 1958ರಲ್ಲಿ, ಅಮೆರಿಕದ ಮೊದಲ ಉಪಗ್ರಹವನ್ನು ಸಿದ್ಧಪಡಿಸಿದ ಪ್ರಯೋಗಶಾಲೆಯ ಮುಖ್ಯಸ್ಥರಾಗಿದ್ದರು.

ತೇವದ ವಿಷಯವನ್ನು ಒಂದು ಮಾತಿನಲ್ಲಿ ಮುಗಿಸುತ್ತೇವೆ. ಮಳೆಗಾಲದ ಹಸಿಗಾಳಿಯು ಒಣಗಾಳಿಗಿಂತ ಭಾರವೆಂದು ತೋರಿದರೂ ನಿಜವು ಅದಕ್ಕೆ ವಿರುದ್ಧ. ನೀರಿನ ಆವಿಯು ಗಾಳಿಗಿಂತ ಹಗುರ. ಗಾಳಿಯಲ್ಲಿ ಅದು ಸೇರಿದಷ್ಟೂ ಬೆಲೂನಿಗೆ ನಷ್ಟ. ನಮ್ಮ ಕಡೆ ಈ ನಷ್ಟವು ನೂರಕ್ಕೆ ಒಂದರ ಆಸುಪಾಸು. ಮೇಲಿನ ಲೆಕ್ಕಗಳಲ್ಲಿ ಅದನ್ನು ಬಿಟ್ಟಿದ್ದೇವೆ.

ಬೊಂಬೆಯು ಹಾರಿದ ಬಳಿಕ ಹುಡುಗರಿಗೆ ಧೈರ್ಯ ಬಂದಿತು. ಕನಕಪುರದಿಂದ ಬರುತ್ತಿದ್ದ ಹುಡುಗನೊಬ್ಬ ನಮ್ಮನ್ನು ಕೇಳಿದನು: “ಸಾರ್, ನಮ್ಮೂರು ತಗ್ಗಿನಲ್ಲಿದೆ, ಗಾಳಿ ದಟ್ಟ. ಅಲ್ಲಿ ಇನ್ನೂ ಹೆಚ್ಚು ಎತ್ತಬೇಕಲ್ಲವೆ?” ಮಾಗಡಿಯವನು ಒಪ್ಪಲಿಲ್ಲ, ತಮ್ಮೂರು ಎತ್ತರದಲ್ಲಿ ತಂಪಾಗಿರುವುದರಿಂದ ಅಲ್ಲಿಯೇ ಹೆಚ್ಚೆಂದು ವಾದಿಸಿದನು. ಚನ್ನಪಟ್ಟಣದವನು ಬೊಂಬೆ ತಮ್ಮದೆಂಬ ಹೆಮ್ಮೆಯಿಂದ ಸುಮ್ಮನಿದ್ದನು. ಇಬ್ಬರ ಮಾತೂ ಸರಿಯೆ. ಯಾವುದು ಗೆಲ್ಲುವುದೆಂಬುದನ್ನು ಅವರ ಕೈಯಿಂದಲೇ ಲೆಕ್ಕ ಮಾಡಿಸಿದೆವು. ಕನಕಪುರವು ಸುಮಾರು 640 ಮೀಟರು ಎತ್ತರದಲ್ಲಿದೆ, ಮಾಗಡಿ 925. ಎತ್ತರವು ಏರಿದಂತೆ ಕಾವು ಇಳಿಯುವ ಸಾಮಾನ್ಯ ಪ್ರಮಾಣದಂತೆ, ರಾಮನಗರದಲ್ಲಿ 18 ಡಿಗ್ರಿ ಇದ್ದ ಬೆಳಿಗ್ಗೆ ಕನಕಪುರದಲ್ಲಿ 19, ಮಾಗಡಿಯಲ್ಲಿ 17 ಎಂದು ಇಟ್ಟುಕೊಂಡೆವು. ಕನಕಪುರದ ಗಾಳಿ 1.120, ಅಂತರ 81 ಡಿಗ್ರಿ; ಮಾಗಡಿಯ ಗಾಳಿ 1.091, ಅಂತರ 83. ನಮ್ಮ ಕಾಗದದ ಬೆಲೂನು ಕನಕಪುರದಲ್ಲಿ 521 ಗ್ರಾಮು ಎತ್ತಬೇಕು, ಮಾಗಡಿಯಲ್ಲಿ 520, ರಾಮನಗರದಲ್ಲಿ 523. ಚನ್ನಪಟ್ಟಣಕ್ಕೂ ರಾಮನಗರಕ್ಕೂ ಎತ್ತರದಲ್ಲಿ ಹತ್ತು ಮೀಟರಿನಷ್ಟು ಮಾತ್ರ ಭೇದವಿರುವುದರಿಂದ ಅಲ್ಲಿಯೂ ಅಷ್ಟೆ. ಸಾವನದುರ್ಗದ ನೆತ್ತಿಗೆ, 1226 ಮೀಟರಿಗೆ, ಹೊತ್ತುಕೊಂಡು ಹೋದರೂ ಅಲ್ಲಿ 15 ಡಿಗ್ರಿ ಇದ್ದ ಪಕ್ಷದಲ್ಲಿ 519. ಅನಿಲದ ಬೆಲೂನಿಗೆ ಎತ್ತರವು ಮಾಡುವ ನಷ್ಟವನ್ನು ಬಿಸಿಗಾಳಿಯ ಬೆಲೂನಿಗೆ ಎತ್ತರದ ತಂಪೇ ತುಂಬಿಕೊಡುತ್ತದೆ.

ಸಾವನದುರ್ಗವು ಕಾಡಿನ ಸೀಮೆ; ಅಲ್ಲಿಗೆ ಇದ್ದಲಿನ ಒಲೆಯನ್ನು ಒಯ್ಯುವ ಮಾತಿಲ್ಲ. ಮಾಗಡಿಯ ಬಯಲಿನಲ್ಲಿ, ಬರುವ ಚಳಿಗಾಲದ ಒಂದು ಬೆಳಿಗ್ಗೆ, ಆ ಮೂರು ಗ್ರಾಮಿನ ಭೇದವು ತಕ್ಕಡಿಗೆ ಸಿಕ್ಕೀತೇ ಎಂದು ನೋಡಬೇಕೆಂದಿದ್ದೇವೆ. ಹುಡುಗರು ಹೊಸ ಕಾಗದಕ್ಕೆ ಅಂಟು ಹಚ್ಚುತ್ತಿದ್ದಾರೆ.